ಸೀಟು ಸಿಕ್ಕಿದೆ, ಇರಲು ಜಾಗ ಸಿಕ್ಕಿಲ್ಲ: ಉನ್ನತ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,
ಸಮಾಜ ಕಲ್ಯಾಣ ಹಾಗೂ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಮಾನ್ಯ ಸಚಿವರಿಗೆ,
ರಾಜ್ಯದ ಎಲ್ಲ ಸರ್ಕಾರಿ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ,

ಸವಿನಯ ನಮಸ್ಕಾರಗಳು.

ನಾನು ರಾಯಚೂರು ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಪ್ರತಿ ವರ್ಷ ನಮ್ಮಲ್ಲಿ ಬಿ.ಎ. ಮುಗಿಸಿದ ಕೆಲವು ಹುಡುಗಿಯರು ಎಂ.ಎ.ಗೆ ಅರ್ಜಿ ಹಾಕುತ್ತಾರೆ. ಕೌನ್ಸೆಲಿಂಗ್‌ಗೆ ಹೋಗುತ್ತಾರೆ. "ಮೇಡಂ, ಸೀಟ್ ಸಿಕ್ಕೈತ್ರಿ" ಎಂದು ಫೋನ್ ಮಾಡುತ್ತಾರೆ. ಎರಡು ಮೂರು ತಿಂಗಳು ಕಳೆಯುವಷ್ಟರಲ್ಲಿ ಅವರಲ್ಲಿ ಕೆಲವರು ಮತ್ತೆ ಊರಲ್ಲೇ ಕಾಣಿಸುತ್ತಾರೆ. ಯಾಕೆ ಎಂದು ಕೇಳಿದರೆ ಉತ್ತರ ಹೆಚ್ಚು ಕಡಿಮೆ ಒಂದೇ. "ಹಾಸ್ಟೆಲ್ ಸಿಗಲಿಲ್ಲರಿ ಮೇಡಂ. ಮನ್ಯಾಗ ಓದಿದ್ದು ಸಾಕು ಬಿಡು ಅಂದ್ರು."

ಈ ಎರಡು ಮೂರು ತಿಂಗಳ ಬಗ್ಗೆಯೇ ಈ ಪತ್ರ. ನಮ್ಮ ಭಾಗದ ಹೆಣ್ಣುಮಕ್ಕಳು ವಿಶ್ವವಿದ್ಯಾಲಯವನ್ನು ಕಳೆದುಕೊಳ್ಳುವುದು ಪರೀಕ್ಷೆಯಲ್ಲಿ ಅಲ್ಲ, ಸೀಟು ಹಂಚಿಕೆಯಲ್ಲೂ ಅಲ್ಲ. ಸೀಟು ಸಿಕ್ಕ ದಿನದಿಂದ ಹಾಸ್ಟೆಲ್ ಕೋಣೆ ಸಿಗುವ ದಿನದವರೆಗಿನ ಈ ಗ್ಯಾಪಿನಲ್ಲಿ.

ಅಲ್ಲಿ ಏನಾಗುತ್ತದೆ ಎಂದು ಹೇಳುತ್ತೇನೆ. ತರಗತಿಗಳು ಶುರುವಾಗುವುದು ವಿಶ್ವವಿದ್ಯಾಲಯದ ವೇಳಾಪಟ್ಟಿಯಂತೆ. ಹಾಸ್ಟೆಲ್ ಪ್ರವೇಶ ನಡೆಯುವುದು ಬೇರೆಯದೇ ಲೆಕ್ಕದಂತೆ. ವಿಶ್ವವಿದ್ಯಾಲಯದ್ದೇ ಹಾಸ್ಟೆಲ್ ಆದರೆ ಹಳೆಯ ಬ್ಯಾಚಿನವರ ಪರೀಕ್ಷೆ ಮುಗಿದು, ಅವರು ರೂಮು ಖಾಲಿ ಮಾಡುವವರೆಗೆ ಕಾಯಬೇಕು. ಸಮಾಜ ಕಲ್ಯಾಣ ಇಲಾಖೆಯ ಅಥವಾ ಬಿಸಿಎಂ (ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ) ಹಾಸ್ಟೆಲ್ ಆದರೆ ಪೋರ್ಟಲ್ ತೆರೆಯಬೇಕು, ಜಾತಿ, ಆದಾಯ ಪ್ರಮಾಣಪತ್ರಗಳ ಆರ್‌ಡಿ ನಂಬರ್ ತಾಳೆಯಾಗಬೇಕು, ಆಯ್ಕೆ ಪಟ್ಟಿ ಬರಬೇಕು. ವಿಭಾಗದಲ್ಲಿ ಕೇಳಿದರೆ "ಅದು ಇಲಾಖೆಗೆ ಸೇರಿದ್ದು" ಅನ್ನುತ್ತಾರೆ. ಇಲಾಖೆಯ ಕಚೇರಿಯಲ್ಲಿ ಕೇಳಿದರೆ "ವಿಶ್ವವಿದ್ಯಾಲಯ ಅಡ್ಮಿಶನ್ ಲೇಟ್ ಮಾಡಿದೆ, ನಾವೇನು ಮಾಡೋಣ" ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಆ ಹುಡುಗಿ ಅಂದು ರಾತ್ರಿ ಎಲ್ಲಿ ಮಲಗಬೇಕು ಎಂಬುದು ಇಬ್ಬರ ಕಡತದಲ್ಲೂ ಇಲ್ಲ.

ಲಿಂಗಸುಗೂರು ಕಡೆಯ ನನ್ನ ಒಬ್ಬ ವಿದ್ಯಾರ್ಥಿನಿಗೆ ಆಗಿದ್ದು ಇದೇ. ಜಾಣೆ. ಪ್ರಶ್ನೆ ಕೇಳದೆ ಬಿಡುವವಳಲ್ಲ. ಎಂ.ಎ. ಸೀಟು ಸಿಕ್ಕ ಮೇಲೆ ನಗರದಲ್ಲಿದ್ದ ದೂರದ ಸಂಬಂಧಿಕರ ಮನೆಯಲ್ಲಿ ಉಳಿದಳು. ಮೊದಲ ವಾರ ಅತಿಥಿ. ಆಮೇಲೆ ಪಾತ್ರೆ, ಬಟ್ಟೆ, ಆ ಮನೆಯ ಮಗುವನ್ನು ನೋಡಿಕೊಳ್ಳುವುದು ಎಲ್ಲ ಅವಳ ಮೇಲೆ ಬಿತ್ತು. ತರಗತಿಗಳು ತಪ್ಪತೊಡಗಿದವು. ಹಾಜರಾತಿ ಕಡಿಮೆಯಾಯಿತು. ಪೇಯಿಂಗ್ ಗೆಸ್ಟ್ ಆಗಿ ಇರೋಣವೆಂದರೆ ಅಲ್ಲಿ ಮುಂಗಡ ಕೇಳುವ ಹಣ ಅವಳ ಅಪ್ಪನ ಹತ್ತಿರ ಇರಲಿಲ್ಲ. ಅಷ್ಟರಲ್ಲಿ ಊರಲ್ಲಿ ಹತ್ತಿ ಬಿಡಿಸುವ ಕಾಲ ಬಂತು. ಮನೆಯವರು ಕರೆದರು, ಹೋದಳು. ಹಾಸ್ಟೆಲಿನ ಆಯ್ಕೆ ಪಟ್ಟಿ ಬಂದದ್ದು ಅವಳು ಊರು ಸೇರಿದ ಮೇಲೆ. ಪಟ್ಟಿಯಲ್ಲಿ ಅವಳ ಹೆಸರಿತ್ತು.

ಅವಳಿಗೂ ನನಗೂ ಬುದ್ಧಿಯಲ್ಲಿ ವ್ಯತ್ಯಾಸವಿಲ್ಲ. ಅವಳೇ ಒಂದು ಕೈ ಮೇಲು. ನನ್ನ ಕಾಲದಲ್ಲಿ ಸೀಟು ಸಿಕ್ಕ ವಾರವೇ ಹಾಸ್ಟೆಲಿನ ಕೋಣೆಯೂ ಸಿಕ್ಕಿತ್ತು. ವ್ಯತ್ಯಾಸ ಅಷ್ಟೇ. ಆ ಒಂದು ಕೋಣೆ ನನಗೆ ಏನು ಮಾಡಿತು ಎಂದು ಹೇಳಿದರೆ ಅವಳು ಏನು ಕಳೆದುಕೊಂಡಳು ಎಂಬುದು ತಮಗೆ ಅರ್ಥವಾದೀತು.

ನನ್ನದು ಮಸ್ಕಿ ಹತ್ತಿರದ ಹಳ್ಳಿ. ಅಪ್ಪ ಬೇಸಿಗೆ ಬಂದರೆ ಬೆಂಗಳೂರಿಗೆ ಗುಳೆ ಹೋಗುತ್ತಿದ್ದ. ಅವ್ವ ಭತ್ತದ ನಾಟಿಗೆ, ಹತ್ತಿ ಬಿಡಿಸಲು ಕೂಲಿಗೆ ಹೋಗುತ್ತಿದ್ದಳು. ಹಾಸ್ಟೆಲಿನಲ್ಲಿ ನಾವು ಒಂದು ರೂಮಿಗೆ ನಾಲ್ಕು ಜನ. ಕಿಟಕಿಯ ಗಾಜು ಒಡೆದಿತ್ತು, ನೀರು ದಿನಕ್ಕೊಂದು ಹೊತ್ತು ಬರುತ್ತಿತ್ತು. ಆದರೂ ನನಗೆ ಜೀವನದಲ್ಲಿ ಮೊದಲ ಸಲ ಒಂದು ಟೇಬಲ್ ಸಿಕ್ಕಿತು. ಅದಕ್ಕಿಂತ ಜಾಸ್ತಿ, ಹೊತ್ತು ಸಿಕ್ಕಿತು. ಹಳ್ಳಿಯ ಮನೆಯಲ್ಲಿ ಹುಡುಗಿ ಪುಸ್ತಕ ಹಿಡಿದು ಕೂತರೆ "ಸುಮ್ನೆ ಕುಂತಾಳ" ಎಂದೇ ಲೆಕ್ಕ. ಯಾರಾದರೂ ಒಂದು ಕೆಲಸ ಹೇಳಿಯೇ ಹೇಳುತ್ತಾರೆ. ಹಾಸ್ಟೆಲಿನಲ್ಲಿ ಸಂಜೆಯಿಂದ ಮಲಗುವವರೆಗೆ ಯಾರೂ ನನ್ನನ್ನು ಕರೆಯಲಿಲ್ಲ. ಒಂದು ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಿಡದೆ ಓದಬಹುದು ಎಂದು ಗೊತ್ತಾದದ್ದು ಅಲ್ಲಿ.

ಶಾಸನಗಳ ತರಗತಿಯಲ್ಲಿ ಒಂದು ದಿನ ನಮ್ಮ ಸರ್ ಕಲ್ಲಿನ ಬರಹದಿಂದ ಕಾಗದಕ್ಕೆ ಇಳಿಸಿದ ಒಂದು ಪಡಿಯಚ್ಚನ್ನು ಮೇಜಿನ ಮೇಲೆ ಹಾಸಿದರು. ಮಸ್ಕಿಯ ಅಶೋಕನ ಶಾಸನ. ನಾವು ಚಿಕ್ಕವರಿದ್ದಾಗ ಆಡು ಕಾಯುತ್ತಿದ್ದ ಗುಡ್ಡದ್ದು! ಆ ಬಂಡೆಯ ಬಗ್ಗೆ ನನಗೆ ಗೊತ್ತಿದ್ದದ್ದು ಅಲ್ಲಿ ಏನೋ ಬರೆದಿದೆ ಎಂದಷ್ಟೇ. 1915ರಲ್ಲಿ ಅದು ಬೆಳಕಿಗೆ ಬರುವವರೆಗೆ ದೇಶದ ತುಂಬ ಸಿಕ್ಕಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳು ಮಾತ್ರ ಇದ್ದವು. ಆ ದೊರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ್ದು ಮಸ್ಕಿಯ ಬಂಡೆ. ಮುಂದೆ ನಮ್ಮ ಪಕ್ಕದ ಬಳ್ಳಾರಿ ಸೀಮೆಯ ನಿಟ್ಟೂರು, ಉದೆಗೋಳಗಳಲ್ಲೂ ಆ ಹೆಸರು ಸಿಕ್ಕಿತು. ಜಗತ್ತಿನ ಚರಿತ್ರೆಯ ಒಂದು ಗಂಟು ಬಿಚ್ಚಿದ್ದು ನಮ್ಮೂರ ಗುಡ್ಡದಲ್ಲಿ. ಅದನ್ನು ತಿಳಿಯಲು ನಾನು ಊರು ಬಿಟ್ಟು ವಿಶ್ವವಿದ್ಯಾಲಯಕ್ಕೆ ಹೋಗಬೇಕಾಯಿತು.

ಆ ಶಾಸನದಲ್ಲಿ ಇನ್ನೊಂದು ಮಾತಿದೆ. ಧರ್ಮದಲ್ಲಿ ನಡೆಯುವ ಸಣ್ಣ ಮನುಷ್ಯನೂ ಈ ಎತ್ತರವನ್ನು ಮುಟ್ಟಬಲ್ಲ, ದೊಡ್ಡವರಿಗೆ ಮಾತ್ರ ಸಾಧ್ಯ ಎಂದು ತಿಳಿಯಬೇಡಿ, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು ಎಂಬ ಅರ್ಥದ ಮಾತು. ಸರ್ ಅದನ್ನು ಓದಿ, ನನ್ನ ಕಡೆ ತಿರುಗಿ, "ನಿನಗೆ ಏನನ್ನಿಸುತ್ತಮ್ಮ?" ಎಂದು ಕೇಳಿದರು. ನನಗೆ ಏನನ್ನಿಸುತ್ತದೆ ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಶಾಲೆಯಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ಏನು ಹೇಳಿದೆನೋ ಈಗ ನೆನಪಿಲ್ಲ. ಆದರೆ ಆಮೇಲೆ ನಾನು ಸುಮ್ಮನಿರುವ ಹುಡುಗಿಯಾಗಿ ಉಳಿಯಲಿಲ್ಲ.

ಬದಲಾವಣೆ ಎಂದರೆ ಸಂಬಳ ಮಾತ್ರ ಎಂದು ತಾವು ತಿಳಿಯಬಾರದು ಎಂದು ಇಷ್ಟು ಹೇಳಿದೆ. ಸಂಬಳವೂ ಬಂತು, ಅದು ದೊಡ್ಡ ವಿಷಯವೇ. ಅಪ್ಪ ಗುಳೆ ಹೋಗುವುದು ನಿಂತಿತು. ಆದರೆ ಬೇರೆ ಬದಲಾವಣೆಗಳೂ ಆದವು. ನನ್ನ ತಂಗಿಯ ಮದುವೆಯ ಮಾತು ಬಂದಾಗ ಮನೆಯಲ್ಲಿ "ಅಕ್ಕನನ್ನೂ ಒಂದು ಮಾತು ಕೇಳೋಣ" ಎಂದರು. ಕೇಳಿದ್ದಕ್ಕೆ ಅವಳ ಓದು ಮುಂದುವರಿಯಿತು. ಓಣಿಯವರು ಬೆಳೆ ವಿಮೆಯ ಕಾಗದ, ಪಿಂಚಣಿಯ ಅರ್ಜಿ ಹಿಡಿದು ನಮ್ಮ ಮನೆಗೆ ಬರುತ್ತಾರೆ. ಬೇರೆ ಜಾತಿಯ ರೂಮ್‌ಮೇಟ್ ತಂದ ಬುತ್ತಿಯನ್ನು ಒಂದೇ ತಟ್ಟೆಯಲ್ಲಿ ಹಂಚಿಕೊಂಡು ತಿಂದವಳು ನಾನು. ಹಬ್ಬಕ್ಕೆ ಅವಳು ನಮ್ಮ ಮನೆಗೆ ಬಂದಳು, ನಮ್ಮ ಅಡುಗೆ ಮನೆಯಲ್ಲೇ ಕೂತು ಉಂಡಳು. ನಮ್ಮ ಓಣಿಯಲ್ಲಿ ಅದು ಸಣ್ಣ ಸಂಗತಿಯಲ್ಲ.

ಇವೆಲ್ಲ ಆಗುವುದು ತರಗತಿಯ ನಾಲ್ಕು ಗಂಟೆಯಲ್ಲಲ್ಲ. ಅದರ ಆಚೆಗಿನ ಹೊತ್ತಿನಲ್ಲಿ. ಗ್ರಂಥಾಲಯದಲ್ಲಿ, ಮೆಸ್ಸಿನಲ್ಲಿ, ರಾತ್ರಿ ಹಾಸ್ಟೆಲಿನ ಕಾರಿಡಾರಿನಲ್ಲಿ ನಡೆಯುವ ವಾದದಲ್ಲಿ. ಆದ್ದರಿಂದಲೇ ಒಂದು ಮಾತಿಗೆ ನನ್ನ ತಕರಾರಿದೆ. ಹಾಸ್ಟೆಲ್ ಬೇಕು ಎಂದು ಕೇಳಿದಾಗಲೆಲ್ಲ "ಈಗ ಬಸ್ ಫ್ರೀ ಇದೆಯಲ್ಲಮ್ಮ, ಓಡಾಡಿಕೊಂಡು ಓದಲಿ" ಅನ್ನುವವರಿದ್ದಾರೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ನಮ್ಮ ಹುಡುಗಿಯರಿಗೆ ಆದ ಉಪಕಾರವನ್ನು ನಾನು ದಿನಾ ಕಣ್ಣಲ್ಲಿ ನೋಡುತ್ತಿದ್ದೇನೆ. ಅದಕ್ಕೆ ಸರ್ಕಾರಕ್ಕೆ ಕೃತಜ್ಞಳು. ಆದರೆ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ ಬಸ್ಸಿನಲ್ಲಿ ನಿಂತು ಬರುವ ಹುಡುಗಿ ಗ್ರಂಥಾಲಯಕ್ಕೆ ಯಾವಾಗ ಹೋಗುತ್ತಾಳೆ? ಕೊನೆಯ ಬಸ್ಸು ತಪ್ಪಬಾರದು ಎಂದು ಮಧ್ಯಾಹ್ನದ ಕೊನೆಯ ತರಗತಿಯನ್ನೇ ಬಿಟ್ಟು ಬರುತ್ತಾಳೆ. ಮನೆಗೆ ಬಂದರೆ ಮತ್ತೆ ಅದೇ ಪಾತ್ರೆ, ಅದೇ ರೊಟ್ಟಿ. ಅವಳಿಗೆ ಡಿಗ್ರಿ ಸಿಗಬಹುದು. ನನಗೆ ಸಿಕ್ಕಿದ್ದು ಅವಳಿಗೆ ಸಿಗುವುದಿಲ್ಲ.

ಉಳಿಯಲು ಜಾಗ ಕೊಟ್ಟರೆ ಮಾತ್ರ ಓದು ಎಂಬುದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಮೈಸೂರಿನಲ್ಲಿ, ಧಾರವಾಡದಲ್ಲಿ ವಾರಾನ್ನದ ಮನೆಗಳಲ್ಲಿ, ಅಂದರೆ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ, ಉಂಡು ಓದಿದವರು ಎಷ್ಟೋ ಜನ. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗಾ ಮಠಗಳ ಉಚಿತ ಪ್ರಸಾದನಿಲಯಗಳಿಲ್ಲದಿದ್ದರೆ ಎಷ್ಟೋ ಬಡ ಮಕ್ಕಳ ಓದು ಅರ್ಧಕ್ಕೇ ನಿಲ್ಲುತ್ತಿತ್ತು. ಆದರೆ ವಾರಾನ್ನ ಎಲ್ಲ ಜಾತಿಯವರಿಗೂ ಸಿಗುತ್ತಿರಲಿಲ್ಲ. ಹುಡುಗಿಯರ ಪ್ರಶ್ನೆಯಂತೂ ಏಳಲೇ ಇಲ್ಲ. ಅದಕ್ಕೇ ಸರ್ಕಾರಿ ಹಾಸ್ಟೆಲ್ ಬೇಕಾಯಿತು. 1970ರ ದಶಕದಲ್ಲಿ ದೇವರಾಜ ಅರಸು ಅವರ ಕಾಲದಲ್ಲಿ ಹಿಂದುಳಿದ ವರ್ಗಗಳ ಮಕ್ಕಳಿಗೆ ಅದರ ಬಾಗಿಲು ಅಗಲವಾಯಿತು. ಇಂದು ಈ ರಾಜ್ಯದ ಕಚೇರಿಗಳಲ್ಲಿ, ಕೋರ್ಟುಗಳಲ್ಲಿ, ಕಾಲೇಜುಗಳಲ್ಲಿ ಕೂತಿರುವ ಎಷ್ಟು ಜನ ಆ ಹಾಸ್ಟೆಲುಗಳಿಂದ ಬಂದವರು ಎಂದು ತಾವೇ ಒಮ್ಮೆ ಸುತ್ತ ನೋಡಿ.

ನಮ್ಮ ಕಲ್ಯಾಣ ಕರ್ನಾಟಕಕ್ಕೆ ಇದು ಇನ್ನೂ ತಡವಾಗಿ ಬಂತು. ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ. ಆಗ ನಾವು ನಿಜಾಮನ ಆಳ್ವಿಕೆಯಲ್ಲಿದ್ದೆವು. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಬಂದರೂ ಅಲ್ಲಿ ಕಲಿಸುತ್ತಿದ್ದದ್ದು ಉರ್ದುವಿನಲ್ಲಿ. ಹಳ್ಳಿಯ ಕನ್ನಡದ ಮಕ್ಕಳಿಗೆ ಅದು ಎಷ್ಟು ದೂರ ಎಂದು ಬಿಡಿಸಿ ಹೇಳಬೇಕಿಲ್ಲ. ಗುಲ್ಬರ್ಗ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ. ರಾಯಚೂರಿನಲ್ಲಿ ಬಹಳ ಕಾಲ ಇದ್ದದ್ದು ಯರಗೇರಾದ ಸ್ನಾತಕೋತ್ತರ ಕೇಂದ್ರ ಮಾತ್ರ, ಸ್ವಂತ ವಿಶ್ವವಿದ್ಯಾಲಯ ತೀರಾ ಇತ್ತೀಚಿನದು. 2012ರ ಸಂವಿಧಾನ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿ ಬಂತು, ನಮ್ಮ ಭಾಗದ ಮಕ್ಕಳಿಗೆ ಸೀಟುಗಳಲ್ಲಿ ಪಾಲು ಸಿಕ್ಕಿತು. ದೊಡ್ಡ ಹೋರಾಟದಿಂದ ಬಂದ ಪಾಲು ಅದು. ಸೀಟು ಕೊಟ್ಟು ಇರಲು ಜಾಗ ಕೊಡದಿದ್ದರೆ ಆ ಪಾಲು ಕಾಗದದ ಮೇಲೇ ಉಳಿಯುತ್ತದೆ, ಅಲ್ವಾ?

ಹಾಸ್ಟೆಲ್ ಸಿಕ್ಕವರ ಕಷ್ಟವೂ ಒಂದಿದೆ. ನಾನು ಓದಿದ ಕಡೆ ಗ್ರಂಥಾಲಯ ರಾತ್ರಿಯವರೆಗೆ ತೆರೆದಿರುತ್ತಿತ್ತು. ಆದರೆ ಹುಡುಗಿಯರ ಹಾಸ್ಟೆಲಿನ ಗೇಟು ಕತ್ತಲಾಗುತ್ತಲೇ ಮುಚ್ಚುತ್ತಿತ್ತು. ಹುಡುಗರು ಓದುತ್ತಿದ್ದರು, ನಾವು ಪುಸ್ತಕ ವಾಪಸ್ ಇಟ್ಟು ಓಡಿ ಬರುತ್ತಿದ್ದೆವು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗಿಯರು ಇಂದೂ ನನಗೆ ಇದನ್ನೇ ಹೇಳುತ್ತಾರೆ. ಸುರಕ್ಷತೆ ಎಂಬ ಕಾರಣ ಕೊಡುತ್ತಾರೆ. ಸುರಕ್ಷತೆ ಬೇಕು, ಬೇಡ ಅನ್ನುವುದಿಲ್ಲ. ಗ್ರಂಥಾಲಯದಿಂದ ಹಾಸ್ಟೆಲಿನವರೆಗಿನ ದಾರಿಗೆ ದೀಪ ಹಾಕಿಸಿ, ಒಬ್ಬ ಮಹಿಳಾ ಕಾವಲುಗಾರರನ್ನು ನೇಮಿಸಿದರೆ ಸುರಕ್ಷತೆ ಬರುತ್ತದೆ. ಗೇಟು ಮುಚ್ಚಿದರೆ ಓದು ನಿಲ್ಲುತ್ತದೆ, ಅಷ್ಟೇ.

ಇನ್ನು ವಿದ್ಯಾರ್ಥಿವೇತನ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ. ಶುರುವಾದಾಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಎಂದು ಲೆಕ್ಕ ಹಾಕಿದ್ದ ಯೋಜನೆ ಅದು. ಒಳ್ಳೆಯ ಯೋಜನೆಗಳು. ಆದರೆ ನನ್ನ ವಿದ್ಯಾರ್ಥಿಗಳ ಖಾತೆಗೆ ಆ ಹಣ ಬಂದದ್ದು ಹೆಚ್ಚಾಗಿ ವರ್ಷದ ಕೊನೆಯಲ್ಲಿ, ಕೆಲವೊಮ್ಮೆ ಮುಂದಿನ ವರ್ಷ. ಜುಲೈ ತಿಂಗಳ ಊಟದ ಹಣ ಮಾರ್ಚ್‌ನಲ್ಲಿ ಬಂದರೆ ಜುಲೈಯಲ್ಲಿ ಅವಳು ಏನು ತಿನ್ನಬೇಕು? ಕೈಸಾಲ ಮಾಡಬೇಕು, ಇಲ್ಲವೇ ಊರಿಗೆ ಹೋಗಬೇಕು.

ವಿದ್ಯಾರ್ಥಿವೇತನ ನಿಂತರೆ ಎಂಥವರ ಓದೂ ನಿಲ್ಲುತ್ತದೆ. ಬಾಬಾಸಾಹೇಬ್ ಅಂಬೇಡ್ಕರ್ ಅವರು 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡದ ಮಹಾರಾಜರು ಕೊಟ್ಟ ವಿದ್ಯಾರ್ಥಿವೇತನದಿಂದ. ಅಲ್ಲಿಂದ ಲಂಡನ್‌ಗೆ ಹೋದರು. ವೇತನದ ಅವಧಿ ಮುಗಿದು 1917ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ವಾಪಸ್ ಬರಬೇಕಾಯಿತು. ಮುಂಬಯಿಯಲ್ಲಿ ಪಾಠ ಹೇಳಿ, ಹಣ ಕೂಡಿಸಿ, ಸಾಲ ಮಾಡಿ 1920ರಲ್ಲಿ ಮತ್ತೆ ಹೋಗಿ ಓದು ಮುಗಿಸಿದರು. ಅಂಥ ಛಲ ಎಲ್ಲರಿಗೂ ಇರಬೇಕು ಎಂದು ಸಭೆಗಳಲ್ಲಿ ಭಾಷಣ ಮಾಡುತ್ತೇವೆ. ಹತ್ತೊಂಬತ್ತು ಇಪ್ಪತ್ತು ವರ್ಷದ ಹುಡುಗಿಯರ ಮೇಲೆ ಅಷ್ಟು ಭಾರ ಹೊರಿಸುವುದು ಸರಿಯಲ್ಲ. ಬಾಬಾಸಾಹೇಬರ ಜಯಂತಿಯನ್ನು ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಆಚರಿಸುವ ಸರ್ಕಾರ, ಅವರ ಓದನ್ನು ನಿಲ್ಲಿಸಿದ್ದು ಏನು ಎಂಬುದನ್ನೂ ನೆನಪಿಡಬೇಕು.

ಪದವಿ ಮುಗಿಸಿ ಕೆಲಸ ಸಿಗದವರಿಗೆ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ ಕೊಡುತ್ತಿದ್ದೀರಿ. ಬೇಡ ಅನ್ನುವುದಿಲ್ಲ, ನನ್ನ ವಿದ್ಯಾರ್ಥಿಗಳಿಗೂ ಅದು ಆಸರೆ. ಓದಿ ಮುಗಿಸಿದವರ ಬಗ್ಗೆ ಇರುವ ಈ ಕಾಳಜಿ ಓದುತ್ತಿರುವವರ ಬಗ್ಗೆಯೂ ಇರಲಿ ಎಂದು ಕೇಳುತ್ತೇನೆ.

ಅಧ್ಯಾಪಕರ ಹುದ್ದೆಗಳು ಖಾಲಿ ಇರುವ ಬಗ್ಗೆ ತಮಗೆ ನೂರಾರು ಮನವಿಗಳು ಬಂದಿವೆ, ನಾನು ಉದ್ದ ಬರೆಯುವುದಿಲ್ಲ. ಅತಿಥಿ ಉಪನ್ಯಾಸಕರು ಮನಸ್ಸಿಟ್ಟು ಪಾಠ ಮಾಡುತ್ತಾರೆ. ನನ್ನ ಎಷ್ಟೋ ಗೆಳೆಯರು ಅದೇ ಕೆಲಸದಲ್ಲಿದ್ದಾರೆ. ಆದರೆ ಅವರಿಗೆ ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲ. ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಓಡುವವರು ತರಗತಿ ಮುಗಿದ ಮೇಲೆ ಕೂತು "ನಿನಗೆ ಏನನ್ನಿಸುತ್ತಮ್ಮ" ಎಂದು ಕೇಳಲು ಹೊತ್ತಾದರೂ ಎಲ್ಲಿದೆ?

ಕೊನೆಯದಾಗಿ ಹೊಸ ವಿಶ್ವವಿದ್ಯಾಲಯಗಳ ವಿಷಯ. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಬೇಕೆಂದು ಹೇಳಿದಾಗ ನಮ್ಮ ಪಕ್ಕದ ಕೊಪ್ಪಳವೂ ಆ ಪಟ್ಟಿಯಲ್ಲಿತ್ತು. ಜಾಗ, ಹಣ, ಅಧ್ಯಾಪಕರು ಯಾವುದನ್ನೂ ಸರಿಯಾಗಿ ಕೊಡದೆ ಬೋರ್ಡು ಹಾಕಿದ್ದು ತಪ್ಪು. ಹಿಂದಿನ ಸರ್ಕಾರವನ್ನು ಇದಕ್ಕೆ ಕೇಳಲೇಬೇಕು. ಆದರೆ ಖರ್ಚು ಜಾಸ್ತಿ ಎಂಬ ಒಂದೇ ಲೆಕ್ಕದಲ್ಲಿ ಮುಚ್ಚುವ ಮಾತೂ ನನಗೆ ಒಪ್ಪಿಗೆಯಿಲ್ಲ. ಮನೆಗೆ ಹತ್ತಿರ ಎಂಬ ಕಾರಣಕ್ಕೇ ಅಪ್ಪ ಅವ್ವ ಕಳಿಸಿದ ಹುಡುಗಿಯರು ಅಲ್ಲಿ ಎಷ್ಟಿದ್ದಾರೆ ಎಂದು ಮೊದಲು ಎಣಿಸಿ. ಆಮೇಲೆ ತೀರ್ಮಾನ ಮಾಡಿ.

ಮಾನ್ಯರೇ, ನನ್ನ ಕೋರಿಕೆಗಳಲ್ಲಿ ಎಲ್ಲಕ್ಕಿಂತ ಮೊದಲನೆಯದು ಹೊಸ ಕಟ್ಟಡ ಕೇಳುವುದಿಲ್ಲ, ಹೊಸ ಕಾಯ್ದೆಯನ್ನೂ ಕೇಳುವುದಿಲ್ಲ. ಎಂ.ಎ. ಕೌನ್ಸೆಲಿಂಗ್ ನಡೆಯುವ ಜಾಗದಲ್ಲೇ, ಅದೇ ದಿನ, ಹಾಸ್ಟೆಲ್ ಹಂಚಿಕೆಯೂ ನಡೆಯಲಿ. ವಿಶ್ವವಿದ್ಯಾಲಯದ ವಾರ್ಡನ್, ಸಮಾಜ ಕಲ್ಯಾಣ ಮತ್ತು ಬಿಸಿಎಂ ಇಲಾಖೆಗಳ ಅಧಿಕಾರಿಗಳು ಒಂದೇ ಕೋಣೆಯಲ್ಲಿ ಕೂರಲಿ. ಸೀಟಿನ ಪತ್ರ ಹಿಡಿದು ಹೊರಬರುವ ಹುಡುಗಿಯ ಕೈಯಲ್ಲಿ ರೂಮಿನ ಪತ್ರವೂ ಇರಲಿ. ಕೋಣೆ ಖಾಲಿಯಾಗಲು ಹೊತ್ತು ಹಿಡಿಯುವುದಾದರೆ ಅಲ್ಲಿಯವರೆಗೆ ಹಾಲ್‌ನಲ್ಲಾದರೂ ಚಾಪೆ ಹಾಕಿ, ಮೆಸ್ಸಿನ ಊಟ ಕೊಟ್ಟು ಉಳಿಸಿಕೊಳ್ಳಲು ಅಧಿಕೃತ ಅನುಮತಿ ಇರಲಿ. ಹೆಸರಿಲ್ಲದೆ ಗೆಳತಿಯ ರೂಮಿನಲ್ಲಿ ಅಡಗಿ ಮಲಗುವ ಸ್ಥಿತಿ ಯಾವ ವಿದ್ಯಾರ್ಥಿನಿಗೂ ಬರಬಾರದು. ತಂದೆ ತಾಯಿಯೂ ಮಗಳು ಎಲ್ಲಿದ್ದಾಳೆ ಎಂದು ತಿಳಿದು ನೆಮ್ಮದಿಯಿಂದ ಊರಿಗೆ ಹೋಗುತ್ತಾರೆ. ಅವರ ಭಯ ಸುಳ್ಳಲ್ಲ.

ವಿದ್ಯಾರ್ಥಿವೇತನ ಮತ್ತು ವಿದ್ಯಾಸಿರಿಯ ಮೊದಲ ಕಂತಾದರೂ ತರಗತಿ ಶುರುವಾದ ತಿಂಗಳೊಳಗೆ ಖಾತೆಗೆ ಬರಲಿ. ಹುಡುಗಿಯರ ಹಾಸ್ಟೆಲಿನ ಗೇಟಿನ ಸಮಯವನ್ನು ಗ್ರಂಥಾಲಯದ ಸಮಯಕ್ಕೆ ಹೊಂದಿಸಲು ಎಲ್ಲ ಕುಲಪತಿಗಳಿಗೂ ಸೂಚನೆ ಹೋಗಲಿ. ಮತ್ತೊಂದು. ಸೀಟು ಪಡೆದು ಮೊದಲ ಸೆಮಿಸ್ಟರಿನಲ್ಲೇ ಬಿಟ್ಟು ಹೋದವರು ಎಷ್ಟು, ಯಾಕೆ ಬಿಟ್ಟರು ಎಂದು ಪ್ರತಿ ವಿಶ್ವವಿದ್ಯಾಲಯವೂ ವರ್ಷಕ್ಕೊಮ್ಮೆ ಬಹಿರಂಗವಾಗಿ ಹೇಳಲಿ. ಈಗ ಅವರು 'ಗೈರುಹಾಜರು' ಎಂಬ ಕಾಲಮ್ಮಿನಲ್ಲಿ ಮುಗಿದುಹೋಗುತ್ತಾರೆ. ಬಿಟ್ಟವರಿಗೆ ಫೋನ್ ಮಾಡಿ ಕೇಳುವ ಕೆಲಸವನ್ನು ವಿಭಾಗಗಳಿಗೆ ವಹಿಸಿದರೆ, ಅವರಲ್ಲಿ ಅನೇಕರು ಮರುವರ್ಷ ವಾಪಸ್ ಬರುತ್ತಾರೆ ಎಂಬುದು ನನ್ನ ನಂಬಿಕೆ. ಲಿಂಗಸುಗೂರಿನ ಆ ನನ್ನ ವಿದ್ಯಾರ್ಥಿನಿ ಬರಲು ತಯಾರಿದ್ದಾಳೆ. ಅವಳನ್ನು ನಾನೇ ಕೇಳಿದ್ದೇನೆ.

ಮುಂದಿನ ಸಾಲಿನ ಪ್ರವೇಶದ ಪ್ರಕಟಣೆ ಹೊರಡುವ ಮೊದಲೇ ಮೂರೂ ಇಲಾಖೆಗಳು ಸೇರಿ ಈ ಬಗ್ಗೆ ಜಂಟಿ ಆದೇಶ ಹೊರಡಿಸಬೇಕೆಂದು ಕೋರುತ್ತೇನೆ. ನಮ್ಮ ಕಾಲೇಜಿನ ಕೊನೆಯ ವರ್ಷದ ಹುಡುಗಿಯರು ಅರ್ಜಿ ಯಾವಾಗ ಬರುತ್ತದೆ ಎಂದು ಈಗಲೇ ಕೇಳಲು ಶುರು ಮಾಡಿದ್ದಾರೆ.

ಗೌರವಗಳೊಂದಿಗೆ,

ಇತಿಹಾಸ ಉಪನ್ಯಾಸಕಿ,
ರಾಯಚೂರು ಜಿಲ್ಲೆ